ಇರುಸು

ಎಲ್ಕೋ ಊರಿನ ಹಿಂಬದಿ, ರೈಲು ಹಳಿ ದಾಟಿದರೆ
ಉಗಾಲ್ಡೆಯ ತಗಡಿನ ಶೆಡ್ಡು. ಒಳಗೆ ನನ್ನ ವ್ಯಾನು
ನಾಲ್ಕು ಮರದ ದಿಮ್ಮಿಯ ಮೇಲೆ, ಚಕ್ರವಿಲ್ಲದೆ,
ಹಲ್ಲು ಕೀಳಿಸಿಕೊಂಡವರ ಹಾಗೆ ಬಾಯಿ ಬಿಟ್ಟು ಕೂತಿದೆ.

ಹೋದ ಫೆಬ್ರವರಿ ರೂಬಿ ಕಣಿವೆಯ ತಿರುವಿನಲ್ಲಿ
ಹಿಮಕ್ಕೆ ಹೂತು, ಹಿಂದಿನ ಗಾಲಿ
ತಿರುಗಿದ್ದೇ ತಿರುಗಿದ್ದು.
ಒಳಗೆ ಮೂವರು, ರಕ್ತ ತೊಳೆಸಿಕೊಳ್ಳಲು ಹೊರಟವರು,
ವಾರಕ್ಕೆ ಮೂರು ಸಲ, ತಪ್ಪುವಂತಿಲ್ಲ.
ಐದು ತಾಸು. ವರ್ಲಾ ಒಬ್ಬಳೇ ಮಾತಾಡುತ್ತಿದ್ದಳು,
ತನ್ನ ಕೋಳಿಗಳ ವಿಷಯ.
ಉಳಿದಿಬ್ಬರ ಪಾದ ಬೂಟಿನೊಳಗೆ ಊದುತ್ತಿತ್ತು.

ಇರುಸುಮುರುಸು ಅನ್ನುತ್ತೇವಲ್ಲ ನಾವು,
ಅದರೊಳಗೊಂದು ಇರುಸು ಇದೆಯೆಂದು
ಎಂದೂ ಬಗ್ಗಿ ನೋಡಿದವಳಲ್ಲ ನಾನು.
ಈಗ ಎರಡು ಬಿದ್ದಿವೆ ನೆಲದ ಮೇಲೆ,
ಕೆಸರಿನಿಂದೆದ್ದ ಎಮ್ಮೆಗಳ ಹಾಗೆ.
ಮುಂದಿನದು ಕಾರ್ಲಿನ್ನಿನ ಗುಜರಿಯದು, ಹಿಮ ಗೋರುತ್ತಿದ್ದ ಲಾರಿಯದು.
ಹಿಂದಿನದು ವೆಲ್ಸ್‌ನಿಂದ, ಒಣಹುಲ್ಲು ಹೊತ್ತದ್ದು.
ಮುಚ್ಚಳ ಬಿಚ್ಚಿದರೆ ಕಪ್ಪೆಣ್ಣೆ.
ಕೊಳೆತ ಬೆಳ್ಳುಳ್ಳಿಯ ನಾತ ಮೂರು ದಿನ ಕೈ ಬಿಡಲಿಲ್ಲ,
ಮೊಸರನ್ನ ಕಲಸುವಾಗಲೂ.

ಹಬ್ಬಿನ ಮೇಲೊಂದು ಸೀಮೆಸುಣ್ಣದ ಗೆರೆ, ಮೂತಿಯ ಮೇಲೊಂದು.
"ಗಾಲಿ ಒಂದು ಸುತ್ತು ಬರುವಷ್ಟರಲ್ಲಿ
ಮೂತಿ ಎಷ್ಟು ಸುತ್ತು? ನೀನು ಎಣಿಸು," ಅಂದ.
ಕನ್ನಡದಲ್ಲಿ ಎಣಿಸಿದೆ. ಬೇರೆ ಭಾಷೆಯಲ್ಲಿ
ಎಣಿಕೆ ನನ್ನ ಬಾಯಲ್ಲಿ ನಿಲ್ಲುವುದಿಲ್ಲ.
ಹಿಂದಿನದು ನಾಲ್ಕು, ಮೇಲೊಂದು ಚೂರು.
ಮುಂದಿನದು ಮೂರೂಮುಕ್ಕಾಲು, ಅದಕ್ಕೂ ಕೂದಲೆಳೆ ಕಮ್ಮಿ.
ಅವನೂ ಎಣಿಸಿದ, ಅವನಜ್ಜ ಕುರಿ ಎಣಿಸುತ್ತಿದ್ದ ಬಾಸ್ಕ್ ಮಾತಿನಲ್ಲಿ.
ಯಾವ ಭಾಷೆಯಲ್ಲೂ ತಾಳೆಯಾಗಲಿಲ್ಲ.

ಬಕೆಟ್ಟು ಬೋರಲು ಹಾಕಿ ಕೂತ.
ಸ್ಯಾಂಡ್‌ವಿಚ್ಚು ಪೂರ್ತಿ ತಿಂದು ಮುಗಿಸಿ ಹೇಳಿದ:
"ಹಿಮದಲ್ಲಿ ಪರವಾಗಿಲ್ಲ. ಜಾರುತ್ತ ಜಾರುತ್ತ
ಒಂದನ್ನೊಂದು ಸಹಿಸಿಕೊಂಡು ಹೋಗುತ್ತವೆ.
ಒಣ ಟಾರು ಸಿಕ್ಕಿತೋ, ಎಳೆದಾಡಿಕೊಂಡು
ಹಲ್ಲು ಮುರಿದುಕೊಳ್ಳುತ್ತವೆ."
ನಾನೇನೂ ಅನ್ನಲಿಲ್ಲ.
ಹನ್ನೊಂದು ವರ್ಷ ಒಣ ಟಾರಿನ ಮೇಲೇ
ಓಡಿಸಿದ್ದೆ ಒಂದು ಜೋಡಿಯನ್ನು, ಸ್ಪಾರ್ಕ್ಸ್ ಊರಲ್ಲಿ.

ಬಾಯ್ಸಿಯಿಂದ ಹೊಸ ಹಲ್ಲುಚಕ್ರ ಬಂತು, ನಾನೂರು ಡಾಲರು.
ಹಳದಿ ಬಣ್ಣ ಬಳಿದು, ಮೆಲ್ಲಗೆ ತಿರುಗಿಸಿ,
ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ನೋಡುತ್ತಿದ್ದ,
ಟಾರ್ಚು ಹಿಡಿದವಳು ನಾನು. ಮದುಮಗಳ ಕೆನ್ನೆಗೂ
ಇಷ್ಟು ಹುಷಾರಾಗಿ ಅರಿಶಿನ ಹಚ್ಚಿದ್ದನ್ನು ಕಂಡಿರಲಿಲ್ಲ.
ಆಮೇಲೆ ವೆಲ್ಡಿಂಗು, ಕಿಡಿ, ಬೈಗುಳ.
ಬ್ರೇಕಿನ ಪೈಪು ಗಿಡ್ಡ. ಹೊಸ ಪೈಪು.
ಮೂತಿ ಎರಡು ಡಿಗ್ರಿ ಜಾಸ್ತಿ ಎತ್ತಿ, ಮತ್ತೆ ಕತ್ತರಿಸಿ, ಮತ್ತೆ ಬೆಸೆದು,

ಅಕ್ಟೋಬರ್ ಕೊನೆಗೆ ವ್ಯಾನು ನಿಂತಿತು,
ಮುಂಚಿಗಿಂತ ಒಂದು ಗೇಣು ಎತ್ತರ.
ಬೀಗುತ್ತ ಓಡಿಸಿಕೊಂಡು ಹೋದೆ ವರ್ಲಾಳ ಅಂಗಳಕ್ಕೆ.
ವಾಕರು ಹಿಡಿದು ನಿಂತವಳ ಸೊಂಟಕ್ಕೆ ಬಂತು ಬಾಗಿಲ ಹೊಸ್ತಿಲು.
ನೋಡಿದಳು. "ಇದನ್ನ ಹತ್ತೋದಾ,
ಇದಕ್ಕೆ ಸೆಲ್ಯೂಟ್ ಹೊಡೆಯೋದಾ?"

ಎಂಟು ತಿಂಗಳು, ಇಬ್ಬರು, ಇಷ್ಟೆಲ್ಲ ಗಣಿತ.
ಒಬ್ಬರಿಗೂ ಮೊಣಕಾಲು ನೆನಪಾಗಿರಲಿಲ್ಲ.

ಉಗಾಲ್ಡೆ ಮಾತಾಡದೆ ಮೂಲೆಗೆ ಹೋದ.
ವ್ಯಾನಿನದೇ ಹಳೆಯ ಇರುಸು ಬಿದ್ದಿತ್ತು ಅಲ್ಲಿ,
ಬಡಕಲು, ತುಕ್ಕು ಹಿಡಿದದ್ದು.
ಅದರ ಎರಡು ತೋಳು ಕೊಯ್ದು, ನಡುವೆ ಜಾಲರಿ ಹೊಂದಿಸಿ,
ಬಾಗಿಲ ಕೆಳಗೆ ಬೆಸೆದ.

ಸೋಮವಾರ, ಮೊದಲ ಹಿಮ.
ವರ್ಲಾಳ ಬೂಟು ಮೆಟ್ಟಿಲ ಮೇಲೆ, ಒಂದು ಉಸಿರು, ಇನ್ನೊಂದು ಬೂಟು.
ಕೂತಳು. ಕಿಟಕಿ ಒರೆಸಿ ಕೂಗಿದಳು:
"ಹಾರ್ಕರ್ ಕುರಿ ಮಾರಿಬಿಟ್ಟಿದ್ದಾನೆ!
ನೋಡು, ಬೇಲಿಯಾಚೆ ಒಂದೂ ಇಲ್ಲ!"
ನಾನು ಕೆಳಗೆ, ಮುಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ,
ಹಬ್ಬಿನ ಗುಬುಟು ತಿರುಗಿಸುತ್ತಿದ್ದೆ, ಬೆರಳು ಮರಗಟ್ಟಿ.
ಅಲ್ಲಿಂದ ಬೇಲಿ ಮಾತ್ರ ಕಾಣುತ್ತಿತ್ತು.
ಹೌದಾ, ಅಂದೆ.