ಒಂದು ಮುಚ್ಚಳ ನೀರು

ಬಳೇಪೇಟೆಯಲ್ಲಿ ಮೂವತ್ತೊಂದು ವರ್ಷ
ವಾಚಿನ ಹೊಟ್ಟೆ ಬಗೆದು ನೋಡಿದ ಭೂತಗನ್ನಡಿ
ಈಗ ಕಲ್ಲು ನೋಡುತ್ತದೆ.
ಕಲ್ಲಿಗೆ ಕೀಲಿ ಕೊಡಬೇಕಿಲ್ಲ,
ಹಿಂದೆ ಬಿತ್ತೆಂದು ಯಾರೂ ವಾಪಸು ತರುವುದಿಲ್ಲ.

ಮೊದಲು ಬಂದದ್ದು ಕ್ಯಾವನ್ಸೈಟ್.
ಪುಣೆ ಕಡೆಯ ಕ್ವಾರಿಯಿಂದ, ಇಮ್ತಿಯಾಜನ ಲಾರಿಯಲ್ಲಿ,
ಮರಾಠಿ ಪೇಪರು ಹೊದ್ದು, ಪೇಡಾ ಡಬ್ಬಿಯೊಳಗೆ.
ಗೊರಗುಂಟೆಪಾಳ್ಯದ ಟೀ ಅಂಗಡಿ ಬೆಂಚಿನ ಮೇಲೆ ಬಿಚ್ಚಿದೆವು:
ಬಿಳಿ ಕಲ್ಲಿನ ಪೊಟರೆಯಲ್ಲಿ
ಕಡಲೆ ಗಾತ್ರದ ನೀಲಿ ಮುಳ್ಳುಂಡೆ.
ಟೀ ಆರಿತು.
'ಜಲ್ಲಿ ಮಷಿನ್ನಿಗೆ ಹೋಗ್ತಿತ್ತು ಸಾರ್, ಎಳ್ಕೊಂಡೆ' ಅಂದ.
ಎಂಟುನೂರು ಕೊಟ್ಟೆ.
ಮನೆಯಲ್ಲಿ ಎಂಬತ್ತು ಅಂದೆ.

ಆಮೇಲೆ ಕಯನೈಟ್, ನೀಲಿ ಪಟ್ಟಿ.
ಉದ್ದಕ್ಕೆ ಗೀರಿದರೆ ಸೂಜಿಗೂ ಸೋಲುತ್ತದೆ,
ಅಡ್ಡಕ್ಕೆ ಗೀರಿದರೆ ಸೂಜಿಯೇ ಸವೆಯುತ್ತದೆ.
ಗಿರಿಜಾಂಬಳಿಗೆ ತೋರಿಸಿದೆ.
'ನಮ್ಮಪ್ಪನೂ ಹಾಗೇ ಇದ್ದರು' ಎಂದು
ಒಗ್ಗರಣೆಗೆ ಹೋದಳು.

ಅಝುರೈಟಿನ ಒಂದು ಮೂಲೆಗೆ ಆಗಲೇ ಹಸಿರು ಹತ್ತಿದೆ.
ಒರೆಸಿದರೆ ಹೋಗುವುದಲ್ಲ. ವಯಸ್ಸು.

ಕೊನೆಯ ಸಾಲಿನಲ್ಲಿ
ಮಹಡಿಮನೆಯ ಎಸ್ತರ್ ಕೊಟ್ಟ ಮೈಲುತುತ್ತ.
ಎಂಟನೇ ಕ್ಲಾಸಿನ ಪ್ರಾಜೆಕ್ಟಿಗೆ
ಲೋಟದಲ್ಲಿ ದಾರ ಇಳಿಬಿಟ್ಟು ಬೆಳೆಸಿದ್ದು.
'ಇದೂ ಸೇರುತ್ತಾ ಅಂಕಲ್, ಇಲ್ಲಾ ಬರೀ ಭೂಮಿಯವೇನಾ?'
ಸೇರಿಸಿದೆ. ಚೀಟಿ ಬರೆದೆ:
ಸಿಕ್ಕ ಸ್ಥಳ, ಮಹಡಿ.

ಮಾರ್ಚಿಗೆ ಅದರ ಮೈಮೇಲೆ ಬಿಳಿ ಬೂದಿ.
ಹುಡುಗಿ ಕೆಳಗಿಳಿದು ಬಂದು ಮೂಗು ಗಾಜಿಗೆ ಒತ್ತಿ ನಿಂತಳು.
ಒಳಗೆ ಕೂತ ನೀರೇ ಇದರ ನೀಲಿ, ಅಂದೆ,
ಬೆಂಗಳೂರು ಅದನ್ನು ಕುಡಿಯುತ್ತಿದೆ.

ಹೊರಗೆ ಬೀದಿಯುದ್ದ ಕೊಡಗಳ ಸಾಲು.
ಬೋರ್‌ವೆಲ್ ಬತ್ತಿ ಹದಿನೇಳನೇ ದಿನ.
ನಾನು ಹಾರ್ಲಿಕ್ಸ್ ಬಾಟಲಿಯೊಳಗೆ ಕಲ್ಲಿಟ್ಟು,
ಪಕ್ಕದಲ್ಲಿ ಔಷಧಿ ಮುಚ್ಚಳದಷ್ಟು ನೀರಿಟ್ಟು
ಬಿಗಿಯುತ್ತಿದ್ದಾಗ ಗಿರಿಜಾಂಬ ಬಾಗಿಲಲ್ಲಿ:
'ಕಲ್ಲಿಗೂ ನೀರು ಕುಡಿಸ್ತೀರಾ?
ಟ್ಯಾಂಕರ್ ಬಂತು, ಕೊಡ ಎತ್ತಿ.'
ಎತ್ತಿದೆ.

ವಾರ ಕಳೆಯಿತು, ಎರಡು ಕಳೆಯಿತು.
ಹೊಳಪು ಬರಲಿಲ್ಲ.
ನೀಲಿ ಬಂತು, ತೊಳೆದ ಯೂನಿಫಾರ್ಮಿನಂಥದು.
ಎಸ್ತರ್ ನೋಡಿ, ಪರವಾಗಿಲ್ಲ, ಅಂದಳು.

ಇವತ್ತು ಬೆಳಿಗ್ಗೆ ಮುಚ್ಚಳ ತುಂಬಿತ್ತು.
ನಾನು ತುಂಬಿಸಿರಲಿಲ್ಲ.
ತಿರುಗಿ ನೋಡಿದರೆ ಗಿರಿಜಾಂಬ,
ಕೈಯಲ್ಲಿ ಚೊಂಬು, ಕಣ್ಣು ಮೇಲಿನ ಸಾಲಿನ ಮೇಲೆ:
'ಆ ಎಂಬತ್ತು ರೂಪಾಯಿಯದಕ್ಕೂ
ಬೇಕೇನ್ರೀ?'