ಮೂವತ್ತೆಂಟು ಪರ್ಸೆಂಟು

ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ
ಮೂವತ್ತೆಂಟು ಪರ್ಸೆಂಟು ತೋರಿಸುತ್ತಲೇ ನಿಂತುಬಿಟ್ಟಿತು.
ಸದ್ದಿಲ್ಲ, ಹೊಗೆಯಿಲ್ಲ,
ಕೆಮ್ಮಿ ಸಾಯುವ ಮರ್ಯಾದೆಯೂ ಇಲ್ಲ.
ಪರದೆಯ ಮೇಲೊಂದು ಹಳದಿ ಆಮೆ.
ವಿಮಾನ ಹಿಡಿಯಬೇಕಿದ್ದ ದಂಪತಿ
ನನ್ನನ್ನು ನೋಡಿದರು, ಆಮೆಯನ್ನು ನೋಡಿದರು,
ಬೇರೆ ಗಾಡಿ ಕರೆದು
ಸೂಟ್‌ಕೇಸು ಗಡಗಡಿಸುತ್ತ ಹೋದರು.
ಹೋಗುತ್ತಾ ಒಂದು ಸ್ಟಾರು ಕೊಟ್ಟರು.

ಎಳೆದೊಯ್ಯುವ ಲಾರಿಗೆ ಎರಡು ಗಂಟೆ.
ಕೆಳಗೆ ಕೆರೆ, ಮೇಲೆ ವಿಮಾನ.
ಹಾರನ್ನು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಸರ್ವಿಸ್ ಸೆಂಟರಿನಲ್ಲಿ ಕಾಫಿ ಪುಕ್ಕಟೆ.
ಕೊರಳಲ್ಲಿ ಪ್ರಣೀತ್ ಎಂದು ಬರೆದುಕೊಂಡ ಹುಡುಗ
ಫೋಟೋ ತೋರಿಸಿದ:
ಬ್ಯಾಟರಿ ಪೆಟ್ಟಿಗೆಯ ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ.
"ಎಂಟು ವರ್ಷ ವಾರಂಟಿ ಇದೆ ಮೇಡಂ. ಆದರೆ ನೀರು..."
ಆ ಒಂದು 'ಆದರೆ'ಯ ಮೇಲೆ ಇಷ್ಟು ದೊಡ್ಡ ಶೋರೂಮು ನಿಂತಿದೆ.
ಮಾರುವ ದಿನ ಇದೇ ಗಾಜಿನ ಕೋಣೆಯಲ್ಲಿ
ಹೊಳೆ ದಾಟುವ ಕಾರಿನ ವಿಡಿಯೋ ತೋರಿಸಿ
ಪೇಡಾ ಹಂಚಿದ್ದರು.

ಆಗಸ್ಟಿನಲ್ಲಿ, ಪಣತ್ತೂರಿನ ಅಂಡರ್‌ಪಾಸಿನಲ್ಲಿ,
ಹಿಂದೆ ಟ್ಯಾಂಕರು, ಮುಂದೆ ಶಾಲೆಯ ವ್ಯಾನು, ಪಕ್ಕದಲ್ಲಿ ಗೋಡೆ.
ನೀರು ಎಷ್ಟಿತ್ತು ಎಂದು ಕೇಳುತ್ತಾನೆ.
ಸ್ಕೇಲು ಹಿಡಿದು ಓಡಿಸುವುದಿಲ್ಲವಲ್ಲ ಮಗಾ,
ಮೊಣಕಾಲುದ್ದ ಅನ್ನು.
ಊರಿನ ನೀರು ಊರಿನ ರಸ್ತೆಯಲ್ಲಿತ್ತು ಅನ್ನು.
ಅವನು ಬರೆದುಕೊಂಡದ್ದು: ಗ್ರಾಹಕರು ಒಪ್ಪಿದ್ದಾರೆ.

ಹೊಸ ಬ್ಯಾಟರಿಗೆ ಆರು ಲಕ್ಷದ ನಲವತ್ತು ಸಾವಿರ.
ಕಾರಿನ ಸಾಲದಲ್ಲಿ ಉಳಿದದ್ದು ಆರು ಲಕ್ಷದ ಹತ್ತು.

ಚೌರಪ್ಪನವರ ಶೆಡ್ಡು ಜಾಲಹಳ್ಳಿಯಲ್ಲಿ,
ಹಿಟ್ಟಿನ ಗಿರಣಿಗೆ ಬೆನ್ನು ಅಂಟಿಸಿಕೊಂಡು.
ಇಪ್ಪತ್ತಾರು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಕೂದಲೆಳೆಯ ಸ್ಪ್ರಿಂಗು ಕೂರಿಸಿದ ಕೈ.
ಅದು ಮುಚ್ಚಿದ ಮೇಲೆ ಮಿಕ್ಸಿ, ಯುಪಿಎಸ್ಸು, ಈಗ ಇದು.
ಕಣ್ಣಿಗೆ ಅದೇ ಹಳೆಯ ಭೂತಗನ್ನಡಿ.
"ತೊಂಬತ್ತಾರು ಸೆಲ್ಲು ಇರ್ತವಮ್ಮ, ಸಾಲಾಗಿ.
ಒಂದು ಕೈಕೊಟ್ರೆ
ಉಳಿದ ತೊಂಬತ್ತೈದೂ ಕೈಕಟ್ಟಿ ನಿಲ್ತವೆ.
ಆದ್ರೆ..." ಎಂದರು ಅವರೂ.
ಮುಚ್ಚಳದ ಅಂಚಿನ ಬೆಳ್ಳಿ ಸ್ಟಿಕ್ಕರು ತೋರಿಸಿದರು.
"ಇದು ಹರಿದ ಮೇಲೆ ಕಂಪನಿ ನಿಮ್ಮ ಮುಖ ನೋಡಲ್ಲ."

ಈಗೇನು ನೋಡುತ್ತಿದೆ, ಅಂದೆ.
ಅಂದೆನೇ ಹೊರತು ಕೈ ಮುಂದೆ ಹೋಗಲಿಲ್ಲ.
ಗ್ರಾಹಕರ ಕೋರ್ಟಿಗೆ ಹೋಗೋಣ, ಸೀಲು ಜೋಪಾನ,
ಎರಡು ವರ್ಷದಲ್ಲಿ ಏನಾದರೂ ಆದೀತು
ಎಂದಿದ್ದರು ವಕೀಲರು.
ಬ್ಯಾಂಕಿಗೆ ಗೊತ್ತಿರುವುದು ಐದನೆಯ ತಾರೀಕು ಮಾತ್ರ.

ಪಕ್ಕದ ಗಿರಣಿ ನಿಂತಿತು.
ಯಾರೋ ರಾಗಿಹಿಟ್ಟಿನ ಡಬ್ಬ ಸೊಂಟಕ್ಕೇರಿಸಿ ಹೊರಟರು.
ಉಗುರು ಹಾಕಿ ನಾನೇ ಎಳೆದೆ.
ಸ್ಟಿಕ್ಕರು ಬಂತು,
ಲೋಹದ ಮೇಲೆ ಸಣ್ಣ ಅಕ್ಷರ ಉಳಿದವು, ಇರುವೆಸಾಲಿನಂತೆ,
ರದ್ದು ರದ್ದು ರದ್ದು ಎಂದು.
ಅಂಟು ಹೆಬ್ಬೆರಳಿಗೆ.

ಸತ್ತದ್ದು ಎಪ್ಪತ್ತೊಂದನೆಯದು.
ಹೊಟ್ಟೆ ಕೊಂಚ ಉಬ್ಬಿತ್ತು, ಅಷ್ಟೇ.
ಅಷ್ಟಕ್ಕೆ ಆರು ಲಕ್ಷದ ನಲವತ್ತು ಸಾವಿರ.

ಹೊಸದು ಬಂತು. ಕೂಡಲೇ ಕೂರಿಸಲಿಲ್ಲ.
"ಇದಕ್ಕೆ ಹುರುಪು ಜಾಸ್ತಿ.
ಹಳೆಯವರ ಮಟ್ಟಕ್ಕೆ ಇಳಿಸಬೇಕು ಮೊದಲು,
ಇಲ್ಲದಿದ್ರೆ ಮನೆ ನಡೆಯಲ್ಲ."
ಈ ಲೆಕ್ಕ ನನಗೆ ಗೊತ್ತು.
ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳು.
ಒಂದು ಪುಟ್ಟ ಬಲ್ಬಿಗೆ ಅದನ್ನು ಕಟ್ಟಿಟ್ಟರು,
ಸಂಜೆಯಿಡೀ ಉರಿದು ಇಳಿಯಲೆಂದು.
ಕರೆಂಟು ಹೋದಾಗ
ಆ ಬೆಳಕಿನಲ್ಲೇ ಬುತ್ತಿ ಬಿಚ್ಚಿದೆವು.

ಹದಿನೆಂಟು ಸಾವಿರ ಎಣಿಸಿ ಕೊಟ್ಟು ಕೇಳಿದೆ:
ವಾರಂಟಿ ಎಷ್ಟು ದಿನ?
"ಶೆಡ್ಡು ಎಲ್ಲಿಗೆ ಹೋಗ್ತದಮ್ಮ," ಎಂದರು.
ಆಮೇಲೆ, ಗ್ಲೌಸು ಕಳಚುತ್ತ,
"ಬಾಡಿಗೆ ಮಾರ್ಚಿವರೆಗೆ ಕಟ್ಟಿದೀನಿ."

ಮತ್ತೆ ಹೆಬ್ಬಾಳದ ಏರು.
ಮೂವತ್ತೊಂಬತ್ತು.
ಮೂವತ್ತೆಂಟು.
ಹಿಂದಿನ ಸೀಟಿನವರು, ಎಸಿ ಸ್ವಲ್ಪ ಜಾಸ್ತಿ ಮಾಡಿ, ಎಂದರು.
ಮಾಡಿದೆ.