ಎದುರುಮನೆ

ಬೆಳಗಿನ ಆರೂವರೆಗೆ ಅಡುಗೆಮನೆ ಮಂಕಾಯಿತು.
ದೀಪ ಹೋಯಿತೆಂದು ಸ್ವಿಚ್ಚಿಗೆ ಕೈ ಹಾಕಿದೆ.
ಹೋದದ್ದು ದೀಪವಲ್ಲ, ಸಮುದ್ರ.
ನಿನ್ನೆವರೆಗೆ ಕಿಟಕಿಯ ಚೌಕಟ್ಟಿನಲ್ಲಿದ್ದ ನೀರು,
ದೂರದ ಅಲೆತಡೆ, ಆಚೆ ದಡದ ಮಸುಕು ಗೆರೆ,
ಎಲ್ಲವನ್ನೂ ಒಂದು ಬಿಳಿ ಗೋಡೆ
ಕಪಾಟಿನ ಬಾಗಿಲು ಸರಿಸಿದ ಹಾಗೆ
ಎಡದಿಂದ ಬಲಕ್ಕೆ ಮುಚ್ಚುತ್ತ ಬಂತು.
ಮುಗಿಯಿತೆಂದುಕೊಂಡರೆ ಇನ್ನೂ ಇದೆ.
ಕಾಫಿ ಉಕ್ಕಿ ಒಲೆಗೆ ಬಿತ್ತು;
ಒರೆಸಿ ತಲೆಯೆತ್ತಿದರೆ
ಇನ್ನೂ ಇದೆ.

ಕೆಳಗೆ ಕಟ್ಟೆಯ ಮೇಲೆ ನನ್ನ ಗಂಡ ಲಿವಿಯೊ,
ನಾಲ್ಕನೇ ಮಹಡಿಯಿಂದ ನೋಡಿದರೆ
ಯಾರದೋ ಕೋಟಿನಿಂದ ಕಿತ್ತುಬಿದ್ದ ಕಿತ್ತಳೆ ಗುಂಡಿ.
ಅಷ್ಟು ದೊಡ್ಡದನ್ನು ಕಟ್ಟುವುದು ಹೇಗೆ?
ಮದುವೆಯಾದ ಹೊಸತರಲ್ಲಿ ಕೇಳಿದ್ದೆ.
ಮೊದಲು ಬಟ್ಟೆ ಒಣಹಾಕುವಷ್ಟು ತೆಳು ದಾರ ಎಸೆಯುತ್ತಾರೆ,
ತುದಿಗೊಂದು ಮುಷ್ಟಿಗಾತ್ರದ ಗಂಟು.
ಅದನ್ನು ಹಿಡಿದೆಳೆದರೆ ಹಿಂದೆಯೇ
ತೊಡೆಗಾತ್ರದ ಹಗ್ಗ ಬರುತ್ತದೆ ಎಂದಿದ್ದ.
ಹಿಡಿಯದಿದ್ದರೆ?
ಮತ್ತೆ ಎಸೆಯುತ್ತಾರೆ.
ಯಾವ ಪ್ರಶ್ನೆಗೂ ಅವನ ಉತ್ತರ ಅಂಗೈಯಗಲ.

ಎಂಟಕ್ಕೆ ಗೋಡೆಯ ಬುಡ ತೆರೆದು ಜನ ಸುರಿದರು.
ಹಡಗಿನ ಹೊಗೆ ಬೇಡವೆಂದು
ಮನೆಮನೆ ಸಹಿ ಕೇಳುವ ದೊರೀನಾ
ತನ್ನ ಪೋಸ್ಟ್‌ಕಾರ್ಡು ಗಾಡಿಯನ್ನು ಆಗಲೇ ಹೊರಗೆಳೆದಿದ್ದಾಳೆ.
ನಾನೂ ಸಹಿ ಹಾಕಿದವಳೇ.
ನಾನೂ ಅಲ್ಲೇ ನಿಂತು ಮಹಡಿ ಎಣಿಸುತ್ತಿದ್ದೇನೆ:
ಹದಿಮೂರು. ಅಲ್ಲ, ಹದಿನಾಲ್ಕು.

ಹೊಲಿಗೆಯಂತ್ರ ಇರುವುದು ಬೆಳಕಿದ್ದ ಕಿಟಕಿಗೆ.
ಅದಕ್ಕೆ ಸರಿಯಾಗಿ ಎದುರು, ನನ್ನದೇ ಎತ್ತರದಲ್ಲಿ,
ಕೆಂಪು ನಿಲುವಂಗಿಯ ಹೆಂಗಸೊಬ್ಬಳು
ಬಾಲ್ಕನಿ ಕಂಬಿಗೆ ಎರಡು ಕಾಲುಚೀಲ ಒಣಹಾಕುತ್ತಿದ್ದಳು.
ಸಮವಸ್ತ್ರದವನು ಬಂದು ಏನೋ ಹೇಳಿದ; ತೆಗೆದಳು.
ಅವನು ಹೋದ; ಮತ್ತೆ ಹಾಕಿದಳು.
ಆಮೇಲೆ ದುರ್ಬೀನು ಎತ್ತಿ ನನ್ನ ಮನೆಯೊಳಗೆ ನೋಡಿದಳು.
ಕೂದಲು ಸರಿಮಾಡಿಕೊಂಡೆ.
ಯಾಕೆ ಸರಿಮಾಡಿಕೊಂಡೆನೆಂದು ಸಿಟ್ಟು ಬಂತು.
ಲಿವಿಯೊನ ಹಳೆಯ ದುರ್ಬೀನು ಹುಡುಕಿ ತಂದೆ.
ಈಗ ಇಬ್ಬರಿಗೂ ಮುಖವಿಲ್ಲ,
ಎರಡೆರಡು ಕಪ್ಪು ಕೊಳವೆ,
ನಡುವೆ ಒಂದು ರಸ್ತೆ, ಒಂದು ಕಟ್ಟೆ, ಸಾವಿರ ಜನರ ನಡೆ.

ಮೊದಲು ನಕ್ಕದ್ದು ಅವಳು. ಅಥವಾ ನಾನು.

ಏನು ತೋರಿಸಲಿ? ಕೈಯಲ್ಲಿದ್ದದ್ದು
ಶನಿವಾರದ ಮದುಮಗಳ ಉಡುಪು.
ಎತ್ತಿ ಹಿಡಿದೆ, ತೋಳು ಚಾಚಿ.
ಬಹಳ ಹೊತ್ತು ನೋಡಿದಳು. ತಲೆಯಾಡಿಸಿದಳು: ಊಹೂಂ.
ತನ್ನ ಮಣಿಕಟ್ಟು ತಟ್ಟಿಕೊಂಡು
ಎರಡು ಬೆರಳು ಜೋಡಿಸಿ ಎತ್ತಿದಳು.
ತೋಳು ಎರಡು ಬೆರಳು ಉದ್ದವಂತೆ!
ದುಡ್ಡು ಕೊಟ್ಟು ತೇಲಿಬಂದವಳು
ಮೂವತ್ತು ವರ್ಷ ಸೂಜಿ ಹಿಡಿದವಳಿಗೆ ಹೇಳುತ್ತಾಳೆ.
ಪರದೆ ಎಳೆದುಬಿಟ್ಟೆ.
ಪರದೆಯ ಹಿಂದೆ ಅಳೆದೆ.
ಎರಡು ಬೆರಳು.

ಮೂರು ಗಂಟೆಗೆ ಬೋರಾ ಎದ್ದಿತು.
ಬೆಟ್ಟದ ಮೇಲಿಂದ ಇಳಿದು ಊರನ್ನೇ ಕಡಲಿಗೆ ನೂಕುವ ಗಾಳಿ.
ಹಿಂದೆ ಬೀದಿಯ ಮೂಲೆಮೂಲೆಗೆ ಹಗ್ಗ ಕಟ್ಟುತ್ತಿದ್ದರು,
ನಡೆವವರು ಹಿಡಿದುಕೊಳ್ಳಲೆಂದು; ನನ್ನಜ್ಜಿ
ಹಾಲಿನ ಪಾತ್ರೆ ಬಿಟ್ಟಳಂತೆ, ಹಗ್ಗ ಬಿಡಲಿಲ್ಲವಂತೆ.
ಈಗ ಹಗ್ಗ ಹಡಗಿಗೆ ಮಾತ್ರ.
ಅವು ಬಿಗಿದು ನರಳಿದವು. ಕಿಟಕಿ ಮುಚ್ಚಿದ್ದರೂ ಕೇಳಿಸಿತು.
ಏಳಕ್ಕೆ ಹೊರಡಬೇಕಾದದ್ದು ನಾಲ್ಕಕ್ಕೇ ಕೂಗಿತು.
ಕಪಾಟಿನ ಗಾಜಿನ ಲೋಟಗಳೆಲ್ಲ ಒಟ್ಟಿಗೆ ಓಗೊಟ್ಟವು.
ಟೋಪಿ ಹಾರಿಸಿಕೊಂಡವರು, ಐಸ್‌ಕ್ರೀಮು ಬಿಸಾಕಿದವರು,
ಒಂದು ಗಾಲಿಕುರ್ಚಿ, ಅದನ್ನು ತಳ್ಳುತ್ತ ನಗುವವನು,
ಎಲ್ಲರೂ ಓಡಿ ಒಳಸೇರಿದರು.

ಪರದೆ ಸರಿಸಿದೆ. ಬಾಲ್ಕನಿ ಖಾಲಿ.
ಒಂದು ಕಾಲುಚೀಲ ಮಾತ್ರ ಕಂಬಿಗೆ ಸುತ್ತಿಕೊಂಡು ಬಡಿಯುತ್ತಿತ್ತು.

ಕಿತ್ತಳೆ ಗುಂಡಿ ಬಗ್ಗಿತು, ಎದ್ದಿತು.
ಕಟ್ಟಲು ಬೇಕಾದದ್ದರ ಅರ್ಧ ಹೊತ್ತೂ ಬೇಡ ಬಿಚ್ಚಲು.
ಗೋಡೆ ಬಲದಿಂದ ಎಡಕ್ಕೆ ಸರಿಯಿತು,
ಮೊದಲು ಅಲೆತಡೆ ಬಂತು, ಆಮೇಲೆ ನೀರು,
ಬೆಳ್ಳಗೆ, ಕೆದರಿದ ತಲೆಯಲ್ಲಿ.

ಲಿವಿಯೊ ಬಂದು ಕೈಗವಸು ಕಳಚುತ್ತ ಕೇಳಿದ:
ಇವತ್ತು ಏನು ಮಾಡಿದೆ?
ತೋಳು ಕತ್ತರಿಸಿದೆ ಎಂದೆ.

ಅವಳು ನಿಂತಿದ್ದ ಎತ್ತರದಲ್ಲಿ, ಬರಿಯ ಗಾಳಿಯಲ್ಲಿ,
ಒಂದು ಕಡಲಹಕ್ಕಿ
ರೆಕ್ಕೆ ಬಡಿಯದೆ ನಿಂತು
ಒಳಗೆ ನೋಡುತ್ತಿತ್ತು.